ಟಿವಿ ಡಬ್ಬದ ಕರಿ ಪ್ಲಾಸ್ಟಿಕ್: ಬೆಸೆಯುವ ವಿದ್ಯೆ ಬಂತು, ಬೇರ್ಪಡಿಸುವ ಕೆಲಸ ಉಳಿಯಿತು

ಹದಿನೈದು ದಿನಕ್ಕೊಮ್ಮೆ ನಮ್ಮ ಓಣಿಗೆ ಗುಜರಿ ಗಾಡಿ ಬರುತ್ತದೆ. "ಹಳೇ ಕಬ್ಬಿಣ, ಹಳೇ ಟಿವಿ, ಮಿಕ್ಸಿ, ಮೊಬೈಲ್" ಅಂತ ರೆಕಾರ್ಡ್ ಮಾಡಿದ ದನಿ ಕೇಳಿದರೆ ಮನೆ ಮನೆಯಿಂದ ಒಂದೊಂದು ಸಾಮಾನು ಹೊರಬರುತ್ತದೆ. ಮೊನ್ನೆ ಪಕ್ಕದ ಮನೆಯವರು ಹಳೆಯ ಡಬ್ಬಾ ಟಿವಿ ಕೊಟ್ಟರು. ಗುಜರಿಯವನು ಅಲ್ಲೇ ಕಟ್ಟೆ ಮೇಲೆ ಕೂತು ಸ್ಕ್ರೂ ಬಿಚ್ಚಿದ. ತಾಮ್ರದ ಸುರುಳಿ ಒಂದು ಚೀಲಕ್ಕೆ ಹೋಯಿತು, ಹಸಿರು ಬೋರ್ಡ್ ಇನ್ನೊಂದು ಚೀಲಕ್ಕೆ. ಹಿಂಬದಿಯ ಕರಿ ಡಬ್ಬವನ್ನು ಮಾತ್ರ ಅಲ್ಲೇ ಬಿಟ್ಟ. "ಇದನ್ನೂ ಒಯ್ಯಪ್ಪ" ಅಂದರೆ, "ಕರಿ ಪ್ಲಾಸ್ಟಿಕ್‌ಗೆ ರೇಟಿಲ್ಲ ಸರ" ಅಂದ.

ಸಂಜೆಗೆ ಆ ಡಬ್ಬ ತಿಪ್ಪೆ ಸೇರಿತು. ಎರಡು ದಿನ ಬಿಟ್ಟು ಯಾರೋ ತಿಪ್ಪೆಗೆ ಬೆಂಕಿ ಹಚ್ಚಿದರು. ಕರಿ ಹೊಗೆ ಎದ್ದು ಓಣಿಯವರೆಲ್ಲ ಕೆಮ್ಮಿದೆವು. ಮರುದಿನ ಬೆಳಿಗ್ಗೆ ಅದೇ ಬೂದಿಯಲ್ಲಿ ಕೋಳಿಗಳು ಕೆದಕಿ ತಿನ್ನುತ್ತಿದ್ದವು.

ನೀವೂ ಇದನ್ನು ನೋಡಿರುತ್ತೀರಿ. ಆ ಕರಿ ಡಬ್ಬ ಎಲ್ಲಿಂದ ಬಂತು, ಅದರೊಳಗೆ ಏನಿದೆ, ಅದಕ್ಕೆ ರೇಟು ಯಾಕಿಲ್ಲ ಎಂದು ಹುಡುಕುತ್ತಾ ಹೋದಾಗ ನಮಗೆ ನೂರು ವರ್ಷಕ್ಕೂ ಹಿಂದಿನ ಕಥೆ ಸಿಕ್ಕಿತು. ಅದರಲ್ಲಿ ರೈತರ ಪಾತ್ರವೂ ಇದೆ.

ಇಟ್ಟಿಗೆಯಂಥದ್ದು, ಬೆಲ್ಲದಂಥದ್ದು

ಮೊದಲ ರೇಡಿಯೋಗಳು ಮರದ ಪೆಟ್ಟಿಗೆಯಲ್ಲಿ ಬಂದವು. 1907ರಲ್ಲಿ ಅಮೆರಿಕದಲ್ಲಿದ್ದ ಬೆಲ್ಜಿಯಂ ಮೂಲದ ರಸಾಯನಶಾಸ್ತ್ರಜ್ಞ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಎಂಬ ಪ್ಲಾಸ್ಟಿಕ್ ಕಂಡುಹಿಡಿದರು. ಹಿರಿಯರು ಬಳಸಿದ ಕಪ್ಪನೆಯ, ಭಾರದ ಟೆಲಿಫೋನು, ಹಳೆ ಮನೆಗಳ ಕರಿ ಸ್ವಿಚ್ಚು ಇವೆಲ್ಲ ಅದೇ ಜಾತಿಯವು. ಕರೆಂಟ್ ಹೊಡೆಯುವುದಿಲ್ಲ, ಬಿಸಿಗೆ ಕರಗುವುದಿಲ್ಲ. ಆದರೆ ಸುಟ್ಟ ಇಟ್ಟಿಗೆ ಹೇಗೆ ಮತ್ತೆ ಮಣ್ಣಾಗುವುದಿಲ್ಲವೋ ಹಾಗೆ ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮುಗಿಯಿತು, ಕರಗಿಸಿ ಬೇರೆ ವಸ್ತು ಮಾಡಲಾಗದು.

ಆಮೇಲೆ ಬಂದವು ಬೆಲ್ಲದಂಥ ಪ್ಲಾಸ್ಟಿಕ್‌ಗಳು. ಬಿಸಿ ಮಾಡಿದರೆ ಕರಗುತ್ತವೆ, ಅಚ್ಚಿಗೆ ಸುರಿದರೆ ಗಟ್ಟಿಯಾಗುತ್ತವೆ, ಮತ್ತೆ ಬಿಸಿ ಮಾಡಿದರೆ ಮತ್ತೆ ಕರಗುತ್ತವೆ. 1930ರ ದಶಕದಲ್ಲಿ ಪಾಲಿಸ್ಟೈರೀನ್ ಕಾರ್ಖಾನೆಗಳಲ್ಲಿ ತಯಾರಾಗತೊಡಗಿತು. ಅದು ಗಾಜಿನಂತೆ ಬೇಗ ಒಡೆಯುತ್ತಿತ್ತು. ಅದಕ್ಕೆ ರಬ್ಬರ್ ಸೇರಿಸಿ ಗಟ್ಟಿ ಮಾಡಿದರು. 1950ರ ದಶಕದಲ್ಲಿ ಎಬಿಎಸ್ ಎಂಬ ಇನ್ನೂ ಗಟ್ಟಿಯಾದ ಪ್ಲಾಸ್ಟಿಕ್ ಮಾರುಕಟ್ಟೆಗೆ ಬಂತು. ಟಿವಿ, ಕಂಪ್ಯೂಟರ್, ಪ್ರಿಂಟರ್‌ಗಳ ಡಬ್ಬಗಳು ಬಹುತೇಕ ಈ ಎರಡು ಜಾತಿಯವೇ.

ನಮ್ಮ ರಾಯಚೂರು ಕಡೆಯ ಹಳ್ಳಿಗಳಿಗೆ ಟಿವಿ ಬಂದದ್ದು ಬೆಂಗಳೂರಿನ ದಾರಿಯಿಂದಲ್ಲ, ಆಕಾಶದ ದಾರಿಯಿಂದ. 1975ರ ಆಗಸ್ಟ್ 1ರಂದು ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ 'ಸೈಟ್' ಎಂಬ ಪ್ರಯೋಗ ಶುರು ಮಾಡಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ ಪ್ರಸಾರ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು ಆರಿಸಿದ್ದರು. ಜಾಲರಿಯ ದೊಡ್ಡ ಛತ್ರಿ, ಅದರ ಕೆಳಗೆ ಊರಿಗೆಲ್ಲ ಒಂದೇ ಟಿವಿ. ಒಂದು ವರ್ಷ ನಡೆದು 1976ರ ಜುಲೈ 31ಕ್ಕೆ ಮುಗಿಯಿತು. ಊರಿಗೊಂದು ಇದ್ದ ಟಿವಿ ಮುಂದೆ ಮನೆಗೊಂದು ಆಯಿತು. ಮರದ ಬಾಗಿಲು ಎಳೆದು ಮುಚ್ಚುವ ಟಿವಿ ಹೋಗಿ ಪ್ಲಾಸ್ಟಿಕ್ ಡಬ್ಬದ ಕಲರ್ ಟಿವಿ ಬಂತು. ಆಗ ಎಲ್ಲರೂ ಪರದೆ ನೋಡಿದರು. ಹಿಂಬದಿಯ ಡಬ್ಬದಲ್ಲಿ ಏನಿದೆ ಎಂದು ನೋಡಿದವರು ಯಾರು?

ಮಿಶಿಗನ್‌ನ ಹಸುಗಳು

ಟಿವಿ ಒಳಗೆ ಬಿಸಿ ಹೆಚ್ಚು, ವೋಲ್ಟೇಜ್ ಹೆಚ್ಚು. ಪ್ಲಾಸ್ಟಿಕ್ ಎಂದರೆ ಪೆಟ್ರೋಲಿನ ತಮ್ಮ, ಬೇಗ ಬೆಂಕಿ ಹಿಡಿಯುತ್ತದೆ. ಹಾಗಾಗಿ ಡಬ್ಬದ ಪ್ಲಾಸ್ಟಿಕ್‌ಗೆ ಬೆಂಕಿ ತಡೆಯುವ ರಾಸಾಯನಿಕ ಬೆರೆಸಲು ಶುರು ಮಾಡಿದರು. ಬ್ರೋಮಿನ್ ಎಂಬ ಮೂಲವಸ್ತುವಿನಿಂದ ಮಾಡಿದ ಪುಡಿಗಳವು. ಉದ್ದೇಶ ಒಳ್ಳೆಯದೇ, ಮನೆ ಸುಡಬಾರದು ಎಂದು.

1973ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಒಂದು ರಾಸಾಯನಿಕ ಕಂಪನಿ ಎರಡು ಪುಡಿ ತಯಾರಿಸುತ್ತಿತ್ತು. ಒಂದರ ಹೆಸರು ನ್ಯೂಟ್ರಿಮಾಸ್ಟರ್, ಹಸುಗಳ ಮೇವಿಗೆ ಬೆರೆಸುವ ಮೆಗ್ನೀಸಿಯಂ ಆಕ್ಸೈಡ್. ಇನ್ನೊಂದು ಫೈರ್‌ಮಾಸ್ಟರ್, ಪಿಬಿಬಿ ಎಂಬ ಬ್ರೋಮಿನ್ ರಾಸಾಯನಿಕ, ಡಬ್ಬದ ಪ್ಲಾಸ್ಟಿಕ್‌ಗೆ ಬೆರೆಸುವಂಥದ್ದು. ಚೀಲಗಳು ಅದಲುಬದಲಾದವು. ಬೆಂಕಿ ತಡೆಯುವ ಪುಡಿ ಮೇವಿನ ಗಿರಣಿಗೆ ಹೋಗಿ, ಅಲ್ಲಿಂದ ರಾಜ್ಯದ ಕೊಟ್ಟಿಗೆಗಳಿಗೆ ಹೋಯಿತು.

ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಗೊರಸು ವಿಕಾರವಾಗಿ ಬೆಳೆದವು. ಫ್ರೆಡರಿಕ್ ಹಾಲ್ಬರ್ಟ್ ಎಂಬ ಹೈನುಗಾರ ಕೆಮಿಕಲ್ ಎಂಜಿನಿಯರಿಂಗ್ ಓದಿದವರು. ತಪ್ಪು ಮೇವಿನಲ್ಲೇ ಇದೆ ಎಂದು ಹಟ ಹಿಡಿದು ಮಾದರಿಗಳನ್ನು ಒಂದಾದ ಮೇಲೆ ಒಂದು ಪ್ರಯೋಗಾಲಯಕ್ಕೆ ಕಳಿಸಿದರು. 1974ರಲ್ಲಿ ವಿಷ ಯಾವುದೆಂದು ಗೊತ್ತಾಯಿತು. ಅಷ್ಟರಲ್ಲಿ ಹಾಲು, ಮಾಂಸ, ಮೊಟ್ಟೆ ತಿಂದ ಲಕ್ಷಾಂತರ ಜನರ ಮೈಗೆ ಅದು ಸೇರಿತ್ತು. ಸುಮಾರು 30,000 ದನಗಳನ್ನೂ 15 ಲಕ್ಷ ಕೋಳಿಗಳನ್ನೂ ಕೊಂದು ಹೂಳಬೇಕಾಯಿತು. ಈ ರಾಸಾಯನಿಕ ಕೊಬ್ಬಿನಲ್ಲಿ ಕೂತರೆ ಸುಲಭಕ್ಕೆ ಕರಗಿ ಹೋಗುವುದಿಲ್ಲ. ಅಂದಿನ ಜನರ ರಕ್ತದಲ್ಲಿ ದಶಕಗಳ ನಂತರವೂ ಅದು ಪತ್ತೆಯಾಗಿದೆ.

ಪಿಬಿಬಿ ನಿಂತಿತು. ಅದರ ಜಾಗಕ್ಕೆ ಅದರ ದಾಯಾದಿಗಳಾದ ಪಿಬಿಡಿಇ ಎಂಬ ರಾಸಾಯನಿಕಗಳು ಬಂದವು. ನಮ್ಮ ಮನೆಗಳಿಗೆ ಬಂದ ಡಬ್ಬಾ ಟಿವಿಗಳ ಕಾಲ ಇದೇ. ಅವುಗಳಿಗೂ ಲಗಾಮು ಬಿದ್ದದ್ದು ತಡವಾಗಿ. ಯುರೋಪ್ 2006ರ ಜುಲೈನಿಂದ ಹೊಸ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಇವೆರಡಕ್ಕೂ ಶೇ 0.1ರ ಮಿತಿ ಹಾಕಿತು. ಭಾರತದಲ್ಲಿ ಅದೇ ಮಿತಿ 2014ರ ಮೇ 1ರಿಂದ ಬಂತು. ಮಿಶಿಗನ್ ಮೇವಿನಲ್ಲಿದ್ದ ವಿಷವೂ ಸೇರಿದಂತೆ ಏಳು ರಾಸಾಯನಿಕಗಳ ಮೇಲಿನ ಅಂತರರಾಷ್ಟ್ರೀಯ ನಿಷೇಧಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2020ರ ಅಕ್ಟೋಬರ್‌ನಲ್ಲಿ. ಕಾನೂನು ಹೊಸ ಟಿವಿಗೆ ಅನ್ವಯಿಸುತ್ತದೆ. ಅಟ್ಟದ ಮೇಲಿರುವ ಹಳೆ ಟಿವಿ ಒಳಗಿನದು ಅಲ್ಲೇ ಇರುತ್ತದೆ.

ಮೂಗಿನಿಂದ ಪರೀಕ್ಷೆ

2002ರಲ್ಲಿ ಚೀನಾದ ಗುಯಿಯು ಎಂಬ ಊರಿನ ಸುದ್ದಿ ಜಗತ್ತಿಗೆ ಗೊತ್ತಾಯಿತು. ಭತ್ತ ಬೆಳೆಯುತ್ತಿದ್ದ ಊರು, ಅಮೆರಿಕದ ಹಳೆ ಕಂಪ್ಯೂಟರ್‌ಗಳನ್ನು ಒಡೆಯುವ ಊರಾಗಿತ್ತು. ಅಲ್ಲಿನ ಕೆಲಸಗಾರರು ಪ್ಲಾಸ್ಟಿಕ್ ಯಾವ ಜಾತಿಯದು ಎಂದು ತಿಳಿಯಲು ತುಂಡಿಗೆ ಲೈಟರ್ ಹಿಡಿದು ಹೊಗೆ ಮೂಸುತ್ತಿದ್ದರು. ಎಬಿಎಸ್‌ಗೆ ಒಂದು ವಾಸನೆ, ಪಾಲಿಸ್ಟೈರೀನ್‌ಗೆ ಇನ್ನೊಂದು. ನಮ್ಮಲ್ಲೂ ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್, ಬೆಂಗಳೂರಿನ ಗೌರಿಪಾಳ್ಯದಂಥ ಜಾಗಗಳಲ್ಲಿ ಹಳೆ ಎಲೆಕ್ಟ್ರಾನಿಕ್ ಸಾಮಾನು ಒಡೆಯುವ ಕೆಲಸ ಬೆಳೆಯಿತು. ನಯಂಡಹಳ್ಳಿಯ ಸಣ್ಣ ಘಟಕಗಳಲ್ಲಿ ಹಳೆ ಪ್ಲಾಸ್ಟಿಕ್ ಪುಡಿಯಾಗಿ, ಕರಗಿ, ಕಾಳಾಗುತ್ತದೆ. ತುಂಡನ್ನು ನೆಲಕ್ಕೆ ಬಡಿದು ಸದ್ದು ಕೇಳುವುದು, ಬಗ್ಗಿಸಿ ಮುರಿಯುವುದು, ಸುಟ್ಟು ಮೂಸುವುದು ಈ ಕಸುಬಿನ ವಿದ್ಯೆ. ಓದದವರ ಕೆಲಸ ಎಂದು ಇದನ್ನು ಕಡೆಗಣಿಸುವಂತಿಲ್ಲ. ಅದರಲ್ಲಿ ಅನುಭವವಿದೆ. ಆದರೆ ಅದರ ಬೆಲೆ ಕೊಡುವುದು ಮೂಗು ಮತ್ತು ಶ್ವಾಸಕೋಶ. ಅಲ್ಲದೆ ಬ್ರೋಮಿನ್ ಎಷ್ಟಿದೆ ಎಂದು ಯಾವ ಮೂಗೂ ಹೇಳಲಾರದು.

ಹಾಗೆ ಲೆಕ್ಕವಿಲ್ಲದೆ ಕರಗಿಸಿದ್ದು ಎಲ್ಲಿಗೆ ಹೋಗುತ್ತದೆ? 2017ರಲ್ಲಿ ಐಪೆನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳ ಜಾಲ 26 ದೇಶಗಳ ಅಂಗಡಿಗಳಿಂದ ಆಟಿಕೆಗಳನ್ನು ಕೊಂಡು ಪರೀಕ್ಷಿಸಿತು. ಬಹುಪಾಲು ಮಾದರಿಗಳಲ್ಲಿ ಟಿವಿ ಡಬ್ಬಗಳ ಬೆಂಕಿ ತಡೆಯುವ ರಾಸಾಯನಿಕ ಸಿಕ್ಕಿತು. ಆಟಿಕೆಗೆ ಯಾರೂ ಅದನ್ನು ಬೇಕೆಂದು ಹಾಕುವುದಿಲ್ಲ. ಅದು ಬಂದದ್ದು ಬೇರ್ಪಡಿಸದೆ ಬೆರೆಸಿದ ಕರಿ ಪ್ಲಾಸ್ಟಿಕ್‌ನಿಂದ. ಮಿಶಿಗನ್‌ನಲ್ಲಿ ಮೇವಿನ ಚೀಲದಲ್ಲಿ ಆದ ತಪ್ಪೇ ಇಲ್ಲಿ ಆಟಿಕೆಯಲ್ಲಿ ಆಯಿತು.

ಸುಟ್ಟರೆ ಇನ್ನೂ ಕೆಟ್ಟದ್ದು. ಬ್ರೋಮಿನ್ ಇರುವ ಪ್ಲಾಸ್ಟಿಕ್ ಬಯಲಲ್ಲಿ ಸುಟ್ಟರೆ ಡೈಆಕ್ಸಿನ್ ಜಾತಿಯ ವಿಷಗಳು ಹುಟ್ಟುತ್ತವೆ. 2019ರಲ್ಲಿ ಘಾನಾ ದೇಶದ ಅಕ್ರಾ ನಗರದ ಅಗ್ಬೊಗ್ಬ್ಲೋಶಿ ಗುಜರಿ ಬಯಲಿನ ಕೋಳಿಗಳ ಮೊಟ್ಟೆ ಪರೀಕ್ಷಿಸಿದಾಗ ಡೈಆಕ್ಸಿನ್ ಪ್ರಮಾಣ ಸುರಕ್ಷಿತ ಮಿತಿಗಿಂತ ಬಹಳ ಪಟ್ಟು ಹೆಚ್ಚಿತ್ತು. ಬೂದಿ ಕೆದಕುವ ಕೋಳಿ, ಅದರ ಮೊಟ್ಟೆ ತಿನ್ನುವ ಮನೆ. ನಮ್ಮ ಓಣಿಯ ಚಿತ್ರ ಮತ್ತೆ ಕಣ್ಣ ಮುಂದೆ ಬಂತು.

ಮಲ್ಲಿಗೆ, ಕನಕಾಂಬರ, ಒಂದೇ ದಾರ

ಹಾಗಾದರೆ ಈ ಪ್ಲಾಸ್ಟಿಕ್‌ಗೆ ಬೇರೆ ಗತಿ ಇಲ್ಲವೇ? ಇದೆ. ಆದರೆ ದಾರಿಯಲ್ಲಿ ಎರಡು ಕಷ್ಟಗಳಿವೆ. ಒಂದು ವಿಷ. ಇನ್ನೊಂದು, ಪ್ಲಾಸ್ಟಿಕ್‌ಗಳ ಒಳಜಗಳ.

ಹೊರಗಿನಿಂದ ಎಲ್ಲ ಒಂದೇ ಕಂಡರೂ ಪ್ಲಾಸ್ಟಿಕ್ ಜಾತಿಗಳು ಒಂದರೊಡನೆ ಒಂದು ಸೇರುವುದಿಲ್ಲ. ಟಿವಿ ಡಬ್ಬದ ಪಾಲಿಸ್ಟೈರೀನ್ ಮತ್ತು ವಾಷಿಂಗ್ ಮಷಿನ್ ತೊಟ್ಟಿಯ ಪಾಲಿಪ್ರೊಪಿಲೀನ್ ಕೂಡಿಸಿ ಕರಗಿಸಿದರೆ ಎಣ್ಣೆ, ನೀರು ಕಲಸಿದ ಹಾಗೆ. ತಣ್ಣಗಾದ ಮೇಲೆ ಗಟ್ಟಿಯಾಗಿ ಕಾಣುತ್ತದೆ, ಒಂದು ಪೆಟ್ಟಿಗೆ ಪುಡಿಯಾಗುತ್ತದೆ. ಕರಿ ಪ್ಲಾಸ್ಟಿಕ್‌ಗೆ ರೇಟಿಲ್ಲದಿರಲು ಇದೊಂದು ಕಾರಣ.

ಈ ಜಗಳ ಬಿಡಿಸುವ ವಿದ್ಯೆ ಹುಟ್ಟಿದ್ದು ಕಸದ ಚಿಂತೆಯಿಂದಲ್ಲ. 1956ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ಪೋಲೆಂಡ್ ಮೂಲದ ವಿಜ್ಞಾನಿ ಮೈಕೇಲ್ ಶ್ವಾರ್ಟ್ಸ್ 'ಜೀವಂತ ಪಾಲಿಮರ್' ಎಂಬುದನ್ನು ತೋರಿಸಿದರು. ಪ್ಲಾಸ್ಟಿಕ್ ಎಂದರೆ ಸಣ್ಣ ಅಣುಗಳನ್ನು ಪೋಣಿಸಿದ ಉದ್ದನೆಯ ಸರ. ಸಾಮಾನ್ಯವಾಗಿ ಸರ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ. ಶ್ವಾರ್ಟ್ಸ್ ಮಾಡಿದ ಸರದ ತುದಿ ಸಾಯುವುದಿಲ್ಲ. ಒಂದು ಬಗೆಯ ಅಣು ಮುಗಿದ ಮೇಲೆ ಇನ್ನೊಂದು ಬಗೆ ಕೊಟ್ಟರೆ ಅದೇ ಸರ ಮುಂದುವರಿಯುತ್ತದೆ. ನಮ್ಮ ಹೆಣ್ಣುಮಕ್ಕಳು ಹೂ ಕಟ್ಟುವ ಹಾಗೆ. ಒಂದು ಮೊಳ ಮಲ್ಲಿಗೆ, ಅದೇ ದಾರಕ್ಕೆ ಮುಂದೆ ಒಂದು ಮೊಳ ಕನಕಾಂಬರ. ಇದನ್ನೇ ಬ್ಲಾಕ್ ಕೋಪಾಲಿಮರ್ ಎನ್ನುತ್ತಾರೆ.

1965ರಲ್ಲಿ ಶೆಲ್ ಕಂಪನಿ ಕ್ರೇಟಾನ್ ಎಂಬ ಹೆಸರಿನಲ್ಲಿ ಇಂಥ ವಸ್ತುವನ್ನು ಮಾರಲು ಶುರು ಮಾಡಿತು. ಎರಡು ತುದಿಗೆ ಪಾಲಿಸ್ಟೈರೀನ್, ನಡುವೆ ರಬ್ಬರ್. ರಬ್ಬರಿನಂತೆ ಬಾಗುತ್ತದೆ, ಪ್ಲಾಸ್ಟಿಕ್‌ನಂತೆ ಕರಗುತ್ತದೆ. ಅದು ಚಪ್ಪಲಿ, ಬೂಟಿನ ತಳಕ್ಕೆ ಬಂತು, ರಸ್ತೆಯ ಡಾಂಬರಿಗೂ ಬಂತು. ಆಮೇಲೆ ಮರುಬಳಕೆಯವರಿಗೂ ಇದು ಉಪಯೋಗಕ್ಕೆ ಬಿತ್ತು. ಇಂಥ ಸರದ ಒಂದು ಭಾಗ ಪಾಲಿಸ್ಟೈರೀನ್ ಕಡೆಗೆ, ಇನ್ನೊಂದು ಭಾಗ ಪಾಲಿಪ್ರೊಪಿಲೀನ್ ಕಡೆಗೆ ನಂಟು ಹೇಳುತ್ತದೆ. ಜಿಡ್ಡಿಗೂ ನೀರಿಗೂ ನಡುವೆ ಸೀಗೆಪುಡಿ ಮಾಡುವ ಕೆಲಸವೇ ಇದು. ನೂರು ಪಾಲಿಗೆ ನಾಲ್ಕಾರು ಪಾಲು ಬೆರೆಸಿದರೂ ಮುರಿಯುತ್ತಿದ್ದ ಮಿಶ್ರಣ ಪೆಟ್ಟು ತಡೆಯುವಷ್ಟು ಬದಲಾಗುತ್ತದೆ.

ಇನ್ನೂ ಬಲ ಬೇಕೆಂದರೆ ನಾರು ಸೇರಿಸುತ್ತಾರೆ. ಮಣ್ಣಿನ ಗೋಡೆಗೆ ಹುಲ್ಲು, ಹೊಟ್ಟು ಕಲಸುವುದು ಯಾಕೆ ಎಂದು ನಿಮಗೆ ಹೇಳಬೇಕಿಲ್ಲ. ಗೋಡೆ ಬಿರುಕು ಬಿಡದಿರಲಿ ಎಂದು. ಇಲ್ಲಿ ಹುಲ್ಲಿನ ಬದಲು ಗಾಜಿನ ಎಳೆ, ಟಾಲ್ಕ್ ಪುಡಿ. ಕಲ್ಲಿದ್ದಲು ಸುಟ್ಟ ಹಾರುಬೂದಿಯನ್ನೂ, ಕತ್ತಾಳೆ, ಬಾಳೆ ನಾರನ್ನೂ ಹಳೆ ಪ್ಲಾಸ್ಟಿಕ್‌ಗೆ ಬೆರೆಸಿ ನೋಡಿದ ಪ್ರಯೋಗಗಳು ಆಗಿವೆ. ಶಕ್ತಿನಗರದ ಬೂದಿ ನೋಡಿದ ನಮಗೆ ಈ ವಿಷಯ ಓದಿದಾಗ ಆಸೆ ಹುಟ್ಟಿದ್ದು ಸುಳ್ಳಲ್ಲ.

ಆದರೆ ಒಂದು ಮಾತು. ಬ್ಲಾಕ್ ಕೋಪಾಲಿಮರ್ ಜಗಳ ಬಿಡಿಸುತ್ತದೆ, ವಿಷ ತೆಗೆಯುವುದಿಲ್ಲ. ವಿಷದ ತುಂಡನ್ನೂ ಒಳ್ಳೆಯ ತುಂಡನ್ನೂ ಅದು ಅಷ್ಟೇ ಪ್ರೀತಿಯಿಂದ ಬೆಸೆದುಬಿಡುತ್ತದೆ. ಹಾಗಾಗಿ ಬೆಸೆಯುವ ಮುಂಚೆ ಬೇರ್ಪಡಿಸಲೇಬೇಕು.

ಉಪ್ಪುನೀರಿನ ಪಾಠ

ಬೇರ್ಪಡಿಸುವ ವಿದ್ಯೆ ನಮ್ಮ ಭತ್ತದ ರೈತರಿಗೆ ಗೊತ್ತಿರುವುದೇ. ಬಿತ್ತನೆ ಬೀಜ ಆರಿಸುವಾಗ ನೀರಿಗೆ ಉಪ್ಪು ಹಾಕುತ್ತಾ ಹೋಗುತ್ತೇವೆ. ಕೋಳಿಮೊಟ್ಟೆ ತೇಲಿದರೆ ಹದ ಬಂತು. ಬೀಜ ಸುರಿದರೆ ಜಳ್ಳು ಮೇಲೆ, ಗಟ್ಟಿಕಾಳು ಕೆಳಗೆ.

ದೊಡ್ಡ ಮರುಬಳಕೆ ಘಟಕಗಳಲ್ಲಿ ಪ್ಲಾಸ್ಟಿಕ್ ಚೂರುಗಳಿಗೂ ಇದನ್ನೇ ಮಾಡುತ್ತಾರೆ. ಬರಿ ನೀರಲ್ಲಿ ಪಾಲಿಪ್ರೊಪಿಲೀನ್ ತೇಲುತ್ತದೆ. ಎಬಿಎಸ್, ಪಾಲಿಸ್ಟೈರೀನ್ ನೀರಿಗಿಂತ ಸ್ವಲ್ಪವೇ ಭಾರ, ಸುಮಾರು 1.04ರಿಂದ 1.07. ಅವು ಬರಿ ನೀರಲ್ಲಿ ಮುಳುಗಿ, ಹದವಾದ ಉಪ್ಪುನೀರಲ್ಲಿ ತೇಲುತ್ತವೆ. ಬ್ರೋಮಿನ್ ಭಾರದ ವಸ್ತು. ಅದು ಹೆಚ್ಚು ಬೆರೆತ ಚೂರು ಉಪ್ಪುನೀರಲ್ಲೂ ಮುಳುಗುತ್ತದೆ. ಬಿತ್ತನೆಯಲ್ಲಿ ಮುಳುಗಿದ್ದು ಒಳ್ಳೆಯದು, ಇಲ್ಲಿ ತೇಲಿದ್ದು ಒಳ್ಳೆಯದು. ಅಷ್ಟೇ ವ್ಯತ್ಯಾಸ. ಮುಳುಗಿದ್ದೆಲ್ಲ ವಿಷವಲ್ಲ, ತೇಲಿದ್ದೆಲ್ಲ ಶುದ್ಧವೂ ಅಲ್ಲ. ಅದಕ್ಕೇ ಎಕ್ಸ್‌ರೇ ಉಪಕರಣದಿಂದ ಬ್ರೋಮಿನ್ ಅಳೆದು ಖಾತರಿ ಮಾಡಿಕೊಳ್ಳುತ್ತಾರೆ. ಬೆಳಕು ಹಾಯಿಸಿ ಪ್ಲಾಸ್ಟಿಕ್ ಜಾತಿ ಗುರುತಿಸುವ ಯಂತ್ರಗಳೂ ಇವೆ. ಆದರೆ ಡಬ್ಬಕ್ಕೆ ಕರಿ ಬಣ್ಣ ಕೊಡುವ ಮಸಿ ಆ ಬೆಳಕನ್ನು ನುಂಗುತ್ತದೆ, ಹೆಚ್ಚಿನ ಯಂತ್ರಗಳಿಗೆ ಕರಿ ಪ್ಲಾಸ್ಟಿಕ್ ಕಾಣುವುದೇ ಇಲ್ಲ. ರೇಟಿಲ್ಲದಿರಲು ಇದು ಇನ್ನೊಂದು ಕಾರಣ.

1990ರ ದಶಕದಲ್ಲಿ ಅಮೆರಿಕದ ಮೈಕ್ ಬಿಡ್ಲ್ ಇಂಥ ಮಿಶ್ರ ಪ್ಲಾಸ್ಟಿಕ್ ಬೇರ್ಪಡಿಸುವುದನ್ನೇ ಉದ್ಯಮ ಮಾಡಿ ತೋರಿಸಿದರು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಭುವನೇಶ್ವರ ಕೇಂದ್ರ, ಇ-ತ್ಯಾಜ್ಯದ ಪ್ಲಾಸ್ಟಿಕ್ ಬೇರ್ಪಡಿಸಿ, ಬೆಸೆದು, ಮತ್ತೆ ಬಳಸುವ ತಂತ್ರದ ಮೇಲೆ ಕೆಲಸ ಮಾಡಿದೆ. ಸಿಪೆಟ್ ಮೈಸೂರಿನಲ್ಲೂ ಇದೆ. ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಡಿಪ್ಲೊಮಾ ಕೋರ್ಸುಗಳಿವೆ. ನಿಮ್ಮ ಮನೆಯ ಮಕ್ಕಳಿಗೆ ಹೇಳಿ.

ಲೆಕ್ಕಕ್ಕೆ ಸಿಗದ ಪಾಲು

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಸರ್ಕಾರದ ಅನುಮತಿ ಪಡೆದು ಇ-ತ್ಯಾಜ್ಯ ಮರುಬಳಕೆ ಮಾಡುವ ದೇಶದ ಮೊದಲ ಘಟಕಗಳಲ್ಲಿ ಒಂದು 2005ರಲ್ಲಿ ಬೆಂಗಳೂರಿನಾಚೆಯ ದಾಬಸ್‌ಪೇಟೆಯಲ್ಲಿ ಶುರುವಾಯಿತು. ಇ-ತ್ಯಾಜ್ಯಕ್ಕೆಂದೇ ದೇಶದ ಮೊದಲ ನಿಯಮ 2011ರಲ್ಲಿ ಬಂದು 2012ರ ಮೇ 1ರಿಂದ ಜಾರಿಯಾಯಿತು. ಈಗಿರುವುದು 2022ರ ನಿಯಮ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಟಿವಿ ಮಾರಿದ ಕಂಪನಿ, ಇಂತಿಷ್ಟು ಮರುಬಳಕೆ ಆಯಿತು ಎಂಬ ಸರ್ಟಿಫಿಕೇಟನ್ನು ಮರುಬಳಕೆದಾರರಿಂದ ಕೊಳ್ಳಬೇಕು. ಆದರೆ ಸರ್ಟಿಫಿಕೇಟ್ ಲೆಕ್ಕ ಶುರುವಾದದ್ದು ನಾಲ್ಕು ಲೋಹಗಳಿಂದ: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಪ್ಲಾಸ್ಟಿಕ್ ಆ ಪಟ್ಟಿಯಲ್ಲಿ ಇರಲಿಲ್ಲ.

ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು. ಅದರಲ್ಲಿ 1.7 ಕೋಟಿ ಟನ್ ಪ್ಲಾಸ್ಟಿಕ್, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು. ಒಟ್ಟು ಇ-ತ್ಯಾಜ್ಯದಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇ 22.3 ಮಾತ್ರ.

ಕಟ್ಟೆಯ ಮೇಲೆ ಸ್ಕ್ರೂ ಬಿಚ್ಚಿದ ಗುಜರಿಯವನು ಮಾಡಿದ್ದೂ, ನಿಯಮ ಮಾಡಿದ್ದೂ ಒಂದೇ. ಇಬ್ಬರೂ ತಾಮ್ರ ತೆಗೆದುಕೊಂಡು ಡಬ್ಬ ಬಿಟ್ಟರು. ಅವನಿಗೆ ಬೈದು ಫಲವಿಲ್ಲ. ಕರಿ ಡಬ್ಬಕ್ಕೂ ಕಿಲೋಗೆ ಇಂತಿಷ್ಟು ಎಂದು ಬೆಲೆ ಕಟ್ಟಿದ ದಿನ ಅವನೇ ಹುಡುಕಿಕೊಂಡು ಬರುತ್ತಾನೆ. ಆ ಬೆಲೆ ಬರಬೇಕಾದದ್ದು ಕಾನೂನಿನಿಂದ. ಬೇರ್ಪಡಿಸುವವರ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್, ದಿನಕ್ಕೆ ನ್ಯಾಯದ ಕೂಲಿ ಸಿಗದೆ ಯಾವ ವಿಜ್ಞಾನವೂ ಹಳ್ಳಿ ತನಕ ಬರುವುದಿಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಇರುವುದು ಸ್ವಲ್ಪ. ಹಳೆ ಟಿವಿಯನ್ನು ಮನೆ ಮುಂದೆ ಬಿಚ್ಚಿಸಬೇಡಿ, ಇಡಿಯಾಗಿ ಕೊಡಿ. ಡಬ್ಬ ಉಳಿದರೆ ಸುಡಬೇಡಿ, ಒಣಗಿದ ಜಾಗದಲ್ಲಿಡಿ. ಅದರ ತುಂಡಿನಲ್ಲಿ ಕೋಳಿಗೆ ನೀರು, ದನಕ್ಕೆ ಮೇವು ಇಡಬೇಡಿ. ಗ್ರಾಮ ಪಂಚಾಯಿತಿಯ ಒಣಕಸದ ಘಟಕದಲ್ಲಿ ಇ-ತ್ಯಾಜ್ಯಕ್ಕೆ ಬೇರೆ ಮೂಲೆ ಇದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ನಾವೂ ನಮ್ಮೂರಲ್ಲಿ ಕೇಳುತ್ತೇವೆ. ಏನು ಉತ್ತರ ಬಂತು ಎಂದು ಇಲ್ಲೇ ಬರೆಯುತ್ತೇವೆ.